ನೋಡ್ಕೊಂಡು ಬಿಡು

ಕನ್ನಡದಲ್ಲಿ ‘ಬಿಡು’ ಎನ್ನುವ ಮಾತಿನಷ್ಟು ಅನುಕೂಲದ ಮಾತು ಇನ್ನೊಂದಿಲ್ಲ. ನೀರು ಬಿಡು ಎಂದರೆ ಹರಿಸು. ಜಗಳ ಬಿಡು ಎಂದರೆ ನಿಲ್ಲಿಸು. ಊರು ಬಿಡು ಎಂದರೆ ತೊಲಗು. ಹೋಗಲಿ ಬಿಡು ಎಂದರೆ ಮರೆತು ಸುಮ್ಮನಾಗು. ಹರಿಸುವುದಕ್ಕೂ ಅದೇ, ನಿಲ್ಲಿಸುವುದಕ್ಕೂ ಅದೇ. ಕುರ್ಚಿಯಲ್ಲಿ ಕೂತವರಿಗೆ ಇಂಥದ್ದೊಂದು ಮಾತು ಸಿಕ್ಕಿದ ಮೇಲೆ ಬೇರೆ ಬುದ್ಧಿ ಯಾಕೆ ಬೇಕು, ಬೆನ್ನುಮೂಳೆ ಯಾಕೆ ಬೇಕು?

ಕರಡಿಹಾಳಿನ ನೀರುಗಂಟಿ ಹುಲುಗಣ್ಣ ಆ ಮಾತನ್ನು ಹತ್ತೊಂಬತ್ತು ವರ್ಷ ಕೇಳಿದ.

ಕೊಟ್ಟೂರಿನಿಂದ ಕೂಡ್ಲಿಗಿ ಕಡೆ ಹೋಗುವ ಡಾಂಬರು ರಸ್ತೆ ಬಿಟ್ಟು, ಮೆಕ್ಕೆಜೋಳದ ಹೊಲಗಳ ನಡುವೆ ನಾಲ್ಕು ಕಿಲೋಮೀಟರ್ ಒಳಗೆ ಹೋದರೆ ಕರಡಿಹಾಳು. ನಾನೂರು ಮನೆ. ಏರಿನ ಮೇಲೆ ಮೇಲಿನ ಓಣಿ, ಇಳಿಜಾರಿನಲ್ಲಿ ಕೆಳಗಿನ ಕೇರಿ. ಊರಿನ ಚರಂಡಿಯೆಲ್ಲ ಯಾವ ಕಡೆ ಹರಿಯುತ್ತದೆ ಎಂದು ಯಾರೂ ಕೇಳಬೇಕಾಗಿಲ್ಲ. ಪಂಚಾಯಿತಿ ಕಚೇರಿಯ ಹಿಂದೆ ನೀರಿನ ಟ್ಯಾಂಕು. ಅಲ್ಲಿಂದ ಎರಡು ಪೈಪು, ಓಣಿಗೊಂದು, ಕೇರಿಗೊಂದು. ಎರಡಕ್ಕೂ ನೆಲದಲ್ಲಿ ಒಂದೊಂದು ಗುಂಡಿ, ಗುಂಡಿಯೊಳಗೆ ನೀರು ಬಿಡುವ, ಕಟ್ಟುವ ವಾಲು. ಹುಲುಗಣ್ಣ ದಿನಾ ಬೆಳಿಗ್ಗೆ ಎದೆಮಟ್ಟದ ಕಬ್ಬಿಣದ ಚಾವಿಯನ್ನು ಹೆಗಲ ಮೇಲೆ ಹೊತ್ತು ಬಂದು, ಗುಂಡಿಗೆ ಇಳಿಬಿಟ್ಟು, ಎರಡೂ ಕೈಯಿಂದ ತಿರುಗಿಸಿದರೆ ಊರಿಗೆ ನೀರು. ಪೈಪಿಗೆ ಕಿವಿಯಿಟ್ಟು ಗಾಳಿ ಬರುತ್ತಿದೆಯೋ ನೀರು ಬರುತ್ತಿದೆಯೋ ಹೇಳುತ್ತಿದ್ದ. ಯಾವ ಮನೆಯವರು ನಲ್ಲಿಗೆ ಮೋಟಾರು ಹಚ್ಚಿ ಕದ್ದು ಎಳೆಯುತ್ತಿದ್ದಾರೆ ಎನ್ನುವುದೂ ಅವನ ಕಿವಿಗೆ ಗೊತ್ತಾಗುತ್ತಿತ್ತು. ಏಳನೇ ಇಯತ್ತೆಗೆ ಶಾಲೆ ಬಿಟ್ಟ ಮನುಷ್ಯ. ಇಷ್ಟೆಲ್ಲ ಗೊತ್ತಿದ್ದೂ ಚಾವಿ ತಿರುಗಿಸುವ ಮುಂಚೆ ಒಂದು ಫೋನು ಮಾಡುತ್ತಿದ್ದ.

“ಸರ, ನೀರು ಬಿಡ್ಲೇನ್ರಿ?”

ಹುಟ್ಟಿನಿಂದ ಅವನು ಹೀಗಿರಲಿಲ್ಲ. ಕೆಲಸಕ್ಕೆ ಸೇರಿದ ಎರಡನೇ ವರ್ಷ ಬೋರಿನ ಮೋಟಾರಿನಿಂದ ಸುಟ್ಟ ವಾಸನೆ ಬಂತೆಂದು ಯಾರನ್ನೂ ಕೇಳದೆ ಸ್ವಿಚ್ಚು ಆರಿಸಿದ್ದ. ಮೋಟಾರು ಉಳಿಯಿತು. ಆದರೆ ಅವತ್ತು ಆಗಿನ ಅಧ್ಯಕ್ಷರ ಮನೆಗೆ ಬೀಗರು ಬಂದಿದ್ದರು, ಕೈ ತೊಳೆಯಲು ನೀರು ಸಿಗಲಿಲ್ಲ. ಮುಂದಿನ ಗ್ರಾಮಸಭೆಯಲ್ಲಿ ಹುಲುಗಣ್ಣನನ್ನು ಎಲ್ಲರ ಎದುರಿಗೆ ನಿಲ್ಲಿಸಿ, “ಯಾರ್ನ ಕೇಳಿ ಆರಿಸ್ದಿ?” ಎಂದು ಹನ್ನೊಂದು ಸಲ ಕೇಳಿದರು. ಮೋಟಾರು ಉಳಿದದ್ದನ್ನು ಒಬ್ಬನೂ ಕೇಳಲಿಲ್ಲ. ಕೈಮುಗಿದು ತಪ್ಪಾಯಿತು ಎಂದ. ಸರಿಯಾದದ್ದು ಮಾಡಿದವನ ಬಾಯಿಂದ ತಪ್ಪಾಯಿತು ಅನ್ನಿಸುವುದು ನಮ್ಮ ಕಚೇರಿಗಳು ಕಲಿಸುವ ಮೊದಲನೇ ಪಾಠ. ಒಂದು ಸಲ ಅನ್ನಿಸಿದರೆ ಸಾಕು, ಮನುಷ್ಯ ಆಯುಷ್ಯವಿಡೀ ಕೇಳಿಕೊಂಡೇ ಬದುಕುತ್ತಾನೆ.

ಈಗ ಅವನು ಫೋನು ಮಾಡುತ್ತಿದ್ದದ್ದು ಪಿಡಿಒ ಅರುಣಕುಮಾರ್ ಅವರಿಗೆ. ಹರಪನಹಳ್ಳಿ ಕಡೆಯವರು, ಇಸ್ತ್ರಿ ಮುರಿಯದ ಅಂಗಿ, ಮೃದುವಾದ ಮಾತು. ಯಾರನ್ನೂ ಬೈದವರಲ್ಲ, ಯಾರಿಗೂ ಇಲ್ಲ ಎಂದವರಲ್ಲ, ಹೂಂ ಎಂದವರೂ ಅಲ್ಲ. ಏನು ಕೇಳಿದರೂ ಒಂದೇ ಉತ್ತರ: ನೋಡ್ಕೊಂಡು ಮಾಡಪ್ಪ. ನೀರಿನ ವಿಷಯಕ್ಕಾದರೆ: ನೋಡ್ಕೊಂಡು ಬಿಡಪ್ಪ. ಹಡಗಲಿ ಕಡೆಯ ಮೈಲಾರದಲ್ಲಿ ಗೊರವಯ್ಯ ಬಿಲ್ಲು ಏರಿ ವರ್ಷಕ್ಕೊಂದು ಸಲ ಕಾರಣಿಕ ನುಡಿಯುತ್ತಾನೆ. ಅದನ್ನು ಮಳೆಗೂ ಹಚ್ಚುತ್ತಾರೆ, ರಾಜಕೀಯಕ್ಕೂ ಹಚ್ಚುತ್ತಾರೆ, ಆದದ್ದಕ್ಕೆಲ್ಲ ಅರ್ಥ ಹೊಂದಿಸುತ್ತಾರೆ. ಅಲ್ಲಿ ದೈವವಾದರೂ ಇದೆ. ಅರುಣಕುಮಾರ್ ದಿನಾ ಹತ್ತು ಕಾರಣಿಕ ನುಡಿಯುತ್ತಿದ್ದರು, ಕುರ್ಚಿಯಿಂದ ಏಳದೆ. ಕೆಲಸ ನೆಟ್ಟಗಾದರೆ ‘ನಾನು ಮಾಡು ಅಂದಿದ್ದೆ’. ಕೆಟ್ಟರೆ ‘ನೋಡ್ಕೊಂಡು ಅಂದಿದ್ದೆ’. ವಾಟ್ಸಾಪಿನಲ್ಲಿ ಕೇಳಿದರೆ ಬರೀ ಒಂದು ಹೆಬ್ಬೆಟ್ಟಿನ ಚಿತ್ರ. ಹಿಂದೆ ಓದು ಬಾರದವರು ಹೆಬ್ಬೆಟ್ಟು ಒತ್ತುತ್ತಿದ್ದರು, ಅದು ಕೋರ್ಟಿನಲ್ಲಿ ನಿಲ್ಲುತ್ತಿತ್ತು. ಈಗ ಡಿಗ್ರಿ ಮಾಡಿದವರು ಒತ್ತುತ್ತಾರೆ, ಅದು ಎಲ್ಲಿಯೂ ನಿಲ್ಲುವುದಿಲ್ಲ.

ಆ ವರ್ಷ ಹುಲುಗಣ್ಣನ ಜೀವನ ಇದೇ ಹೆಬ್ಬೆಟ್ಟಿನ ಕೆಳಗೆ ಸಿಕ್ಕಿಕೊಂಡಿತ್ತು. ಹತ್ತೊಂಬತ್ತು ವರ್ಷ ದುಡಿದರೂ ಅವನ ನೌಕರಿಗೆ ಮೇಲಿನ ಕಚೇರಿಯ ಅನುಮೋದನೆ ಇರಲಿಲ್ಲ. ನಾಳೆ ಬೇಡ ಎಂದರೆ ಬೇಡ. ಈ ಸಲ ಹೆಸರು ಕಳಿಸಿ ಎಂದು ಆದೇಶ ಬಂದಿತ್ತು. ಅರುಣಕುಮಾರ್ ಶಿಫಾರಸು ಬರೆದು ಸಹಿ ಹಾಕಿದರೆ ಹುಲುಗಣ್ಣ ಸಾಯುವತನಕ ನೀರುಗಂಟಿ. “ಆಷಾಢ ಮುಗಿಯೋದ್ರೊಳಗೆ ಕಳಿಸ್ತೀನಪ್ಪ,” ಎಂದಿದ್ದರು.

ಅದರ ನಡುವೆ ತಾಲ್ಲೂಕು ಕೇಂದ್ರದಲ್ಲಿ ಒಂದು ದಿನದ ತರಬೇತಿ ಬಂತು: ‘ವೃತ್ತಿ ಜೀವನದಲ್ಲಿ ಸಮರ್ಥ ನಿರ್ಧಾರ’. ಹೋಗಬೇಕಾದವರು ಅರುಣಕುಮಾರ್. ಹೋಗಬೇಕೋ ಬೇಡವೋ ಎಂದು ನಿರ್ಧರಿಸಲಾಗದೆ ಕೊನೇ ಗಳಿಗೆಯಲ್ಲಿ ಹುಲುಗಣ್ಣನನ್ನು ಬಸ್ಸು ಹತ್ತಿಸಿದರು. ತಲೆ ಲೆಕ್ಕಕ್ಕೆ ಒಂದು ತಲೆ ಬೇಕಿತ್ತು. ಟೈ ಕಟ್ಟಿದ ತರಬೇತುದಾರ ಪರದೆಯ ಮೇಲೆ ನಾಲ್ಕು ಚೌಕ ಬರೆದು, ತುರ್ತು, ಮಹತ್ವ, ಲಾಭ, ನಷ್ಟ ಎಂದು ಎರಡು ತಾಸು ಹೇಳಿದ. ಪ್ರಶ್ನೆ ಇದ್ದರೆ ಕೇಳಿ ಎಂದ. ಹಿಂದಿನ ಸಾಲಿನಿಂದ ಹುಲುಗಣ್ಣ ಎದ್ದು ನಿಂತ.

“ಸಾಹೇಬ್ರ, ಈ ನಿರ್ಧಾರ ತಪ್ಪಾತು ಅಂತ ಇಟ್ಕೊಳ್ರಿ. ಬೈಸ್ಕಳ್ಳೋರು ಯಾರ್ರಿ? ಅದು ಯಾವ ಚೌಕದಾಗ ಬರ್ತೈತಿ?”

ಸಭೆಯೆಲ್ಲ ನಕ್ಕಿತು. “ಒಳ್ಳೇ ಪ್ರಶ್ನೆ. ಊಟ ಆದಮೇಲೆ ನೋಡೋಣ,” ಎಂದ ತರಬೇತುದಾರ. ಊಟ ಆಯಿತು. ಒಂದು ಚೀಲ, ಒಂದು ಪೆನ್ನು, ಪ್ರಮಾಣಪತ್ರ ಕೊಟ್ಟು ಕಳಿಸಿದರು. ಪ್ರಮಾಣಪತ್ರದಲ್ಲಿ ಅರುಣಕುಮಾರ್ ಹೆಸರು ಮೊದಲೇ ಅಚ್ಚಾಗಿತ್ತು.

ಆಷಾಢದ ಮೊದಲ ಮಳೆ ಬಿದ್ದ ಮೂರನೇ ದಿನ ಆಶಾ ಕಾರ್ಯಕರ್ತೆ ರೇಖಾ ದಾರಿಯಲ್ಲಿ ಅವನನ್ನು ತಡೆದಳು.

“ಯಣ್ಣಾ, ಕೆಳಗಿನ ಕೇರ್ಯಾಗ ನಾಕು ಮನ್ಯಾಗ ವಾಂತಿಭೇದಿ. ಕೆಂಚಮ್ಮಾಯಿ ಮೊಮ್ಮಗಳಂತೂ ನಿನ್ನಿ ಸಂಜಿಂದ ನೀರಾಗ್ಯಾಳ. ನೀರೇನರ ಕೆಟ್ಟೈತೇನು ನೋಡು.”

ಹುಲುಗಣ್ಣ ಬಂದ ದಾರಿಯಲ್ಲೇ ತಿರುಗಿದ. ಕೇರಿಯ ವಾಲಿನ ಗುಂಡಿಗೆ ಹೋಗಿ ಕಲ್ಲು ಸರಿಸಿದ. ಗುಂಡಿಯಲ್ಲಿ ಮೊಳಕಾಲುದ್ದ ಕಪ್ಪು ನೀರು ನಿಂತಿತ್ತು. ಮೇಲೆ ಎಣ್ಣೆಯಂಥ ಪೊರೆ, ಅದರಲ್ಲಿ ಶಾಂಪೂ ಚೀಟಿ, ಕೋಳಿಪುಕ್ಕ, ಹೇಳಬಾರದ ಇನ್ನೊಂದಿಷ್ಟು. ಗಬ್ಬು ಮೂಗಿಗೆ ಹೊಡೆಯಿತು. ಹೋದ ತಿಂಗಳು ಇದೇ ಜಾಗದ ಮೇಲೆ ಸಿಮೆಂಟ್ ರಸ್ತೆ ಹಾಕಿದ್ದರು. ಜೆಸಿಬಿ ಅಗೆಯುವಾಗ ಪೈಪಿಗೆ ಹಲ್ಲು ತಾಗಿದ್ದನ್ನು ಹುಲುಗಣ್ಣ ಕಣ್ಣಾರೆ ಕಂಡಿದ್ದ. ಹೇಳಿದ್ದ ಕೂಡ. ಕೆಲಸ ಮಾಡಿಸುತ್ತಿದ್ದ ಪ್ರವೀಣಕುಮಾರ್ ಒಡೆದ ಕಡೆ ಸೈಕಲ್ಲಿನ ಹಳೇ ಟ್ಯೂಬು ಸುತ್ತಿಸಿ, ಮೇಲೆ ಕಾಂಕ್ರೀಟು ಸುರಿಸಿದ. ಈ ಪ್ರವೀಣಕುಮಾರ್ ಅಧ್ಯಕ್ಷೆ ಶಿವಬಸಮ್ಮನವರ ಮಗ. ಕುರ್ಚಿ ತಾಯಿಯದು, ಕೂರುವವನು ಮಗ. ಗುತ್ತಿಗೆ ಇನ್ಯಾರದೋ ಹೆಸರಲ್ಲಿ, ಮಾಡುವವನು ಇವನೇ. ಪಕ್ಕದಲ್ಲೇ ಚರಂಡಿ. ನೀರು ಬಿಡದ ಹೊತ್ತಿನಲ್ಲಿ ಪೈಪು ಖಾಲಿ ಇರುತ್ತದೆ, ಒಡಕಿನಿಂದ ಚರಂಡಿ ಒಳಗಿಳಿಯುತ್ತದೆ. ಬೆಳಿಗ್ಗೆ ನೀರು ಬಿಟ್ಟಾಗ ಮೊದಲು ಅದೇ ಕೇರಿಯ ಕೊಡ ತುಂಬುತ್ತದೆ.

ಹುಲುಗಣ್ಣ ಗುಂಡಿಯ ಪಕ್ಕದಲ್ಲೇ ನಿಂತು ಫೋನು ಮಾಡಿದ.

“ಸರ, ಕೇರಿ ಪೈಪಿನಾಗ ಚರಂಡಿ ನೀರು ಸೇರೈತ್ರಿ. ನಾಳಿ ಬಿಡ್ಲೋ, ಕಟ್ಲೋ?”

“ನಿನಗೆ ಹೆಂಗೆ ಗೊತ್ತಪ್ಪ ಅದು?”

“ಗುಂಡ್ಯಾಗ ಕಾಣ್ತೈತ್ರಿ. ಗಬ್ಬು ನಾರಾಕತ್ತೈತಿ. ನಾಕು ಮನ್ಯಾಗ ಹೊಟ್ಟಿ ಕೆಟ್ಟೈತ್ರಿ.”

“ಮಳೆಗಾಲದಾಗೆ ಹೊಟ್ಟೆ ಕೆಡೋದು ಇದ್ದದ್ದೇ. ಹತ್ತು ನಿಮಿಷ ನೀರು ಹೊರಗೆ ಹೋಗಾಕೆ ಬಿಟ್ಟು, ಆಮೇಲೆ ತುಂಬ್ಕೊಳ್ಳಾಕೆ ಹೇಳಿದ್ರೆ ಹೆಂಗೆ?”

“ಹಂಗ ಮಾಡ್ಲೇನ್ರಿ?”

“ಮಾಡು ಅಂತ ನಾನು ಅಂದ್ನಾ? ನೋಡ್ಕೊಂಡು ಬಿಡಪ್ಪ.”

“ಅಂದ್ರ ಬಿಡ್ಲೇನ್ರಿ? ಇಲ್ಲಾ ಬಿಟ್ಬಿಡ್ಲೇನ್ರಿ?”

“ಅದೇ ಹೇಳಿದ್ನಲ್ಲ. ಮೀಟಿಂಗ್‌ನಾಗೆ ಇದೀನಿ.” ಫೋನು ಕಟ್ಟಾಯಿತು.

ಅಷ್ಟರಲ್ಲಿ ಬುಲೆಟ್ಟಿನ ಮೇಲೆ ಪ್ರವೀಣಕುಮಾರ್ ಬಂದ. ಸುದ್ದಿ ಹೇಗೆ ಮುಟ್ಟಿತೋ ಅವನಿಗೇ ಗೊತ್ತು.

“ಏನಲೇ ಹುಲುಗ, ಯಾವಾಗಿಂದ ಇಂಜಿನಿಯರ್ ಆದಿ?”

“ಇಂಜಿನಿಯರ್ ಅಲ್ರಿ ಧಣಿ. ಮೂಗು ಐತಲ್ರಿ.”

“ಬರೋ ವಾರ ರಸ್ತಿ ನೋಡಾಕ ಮ್ಯಾಲಿನೋರು ಬರ್ತಾರ. ನೀನು ಇಲ್ಲಿ ಕೇರಿ ಮಂದಿ ಕೂಡಿಸಿ ಗದ್ಲ ಹಚ್ಚಿದ್ರ ನೋಡು. ನಿನ್ನ ಹೆಸರು ಕಳಿಸ್ಬೇಕಾದೋರು ಯಾರು, ನೆಪ್ಪೈತಿಲ್ಲ?”

ನೆನಪಿತ್ತು. ಅದೊಂದೇ ನೆನಪಿತ್ತು.

ಹುಲುಗಣ್ಣ ರೇಖಾಳ ಮನೆಗೆ ಹೋಗಿ ನೀರು ಪರೀಕ್ಷೆ ಮಾಡುವ ಸೀಸೆ ಕೇಳಿದ. ಅವಳು ಪಂಚಾಯಿತಿ ಕೊಟ್ಟ ಪೆಟ್ಟಿಗೆ ತೆರೆದು ತೋರಿಸಿದಳು. ಎಲ್ಲ ಸೀಸೆಯ ಅವಧಿ ಮುಗಿದು ಒಂದೂವರೆ ವರ್ಷವಾಗಿತ್ತು. “ಹೊಸಾದು ಇದ್ರೂ ಬಣ್ಣ ತಿರುಗಾಕ ಒಂದೆರಡು ದಿನ ಬೇಕಣ್ಣಾ. ದೊಡ್ಡ ಲ್ಯಾಬಿಗೆ ಕಳಿಸಿದ್ರ ವಾರ,” ಎಂದಳು. ನೀರು ಬಿಡಬೇಕಾದದ್ದು ನಾಳೆ ಬೆಳಿಗ್ಗೆ ಆರಕ್ಕೆ. ಖಾತ್ರಿಯಾಗಿ ತಿಳಿಯುವ ಹೊತ್ತಿಗೆ ಕೊಡ ತುಂಬಿ, ಹೊಟ್ಟೆಯೂ ತುಂಬಿ, ಯಾರ ಮನೆಯಲ್ಲಿ ಏನಾಗಬೇಕೋ ಆಗಿರುತ್ತಿತ್ತು.

ಮನೆಗೆ ಬಂದಾಗ ಹೊತ್ತು ಮುಳುಗುತ್ತಿತ್ತು. ಹೆಂಡತಿ ದುರ್ಗಮ್ಮ ರೊಟ್ಟಿ ಬಡಿಯುತ್ತಿದ್ದಳು. ತಂಬ್ರಹಳ್ಳಿ ಕಡೆಯ ಹೆಣ್ಣು, ಮಾತು ಹಂಚಿನ ಮೇಲಿನ ರೊಟ್ಟಿಯಷ್ಟೇ ಬಿಸಿ.

“ಏನಂದ್ರು ನಿಮ್ಮ ಸಾಹೇಬ್ರು?”

“ನೋಡ್ಕೊಂಡು ಬಿಡು ಅಂದ್ರು.”

“ನೋಡೀಯೇನು?”

“ನೋಡೀನಿ.”

“ಅವ್ರು ನೋಡ್ಯಾರೇನು?”

“ಅವ್ರು ಎಲ್ಲಿ ನೋಡ್ತಾರ? ಮೀಟಿಂಗಿನಾಗ ಅದಾರ.”

“ಕಣ್ಣಿದ್ದಾಂವ ಕುಂತು ಕುರುಡರಿಗೆ ದಾರಿ ಕೇಳಿದಂಗಾತು. ನೋಡಿದಾಂವ ನೀನು. ಅವ್ರನ್ನೇನು ಕೇಳ್ತಿ?”

ಹುಲುಗಣ್ಣ ಕಂಬಕ್ಕೊರಗಿ ಕೂತ. “ಕಟ್ಟಿದೆ ಅಂತ ಇಟ್ಕ. ನೀರು ಚಲೋನ ಇತ್ತು ಅಂತ ಆತು. ಆವಾಗ?”

“ಮಂದಿ ಬೈತಾರ.”

“ಬೈಯೋದಷ್ಟ ಅಲ್ಲ. ಹೆಸರು ಹೋಕ್ಕೈತಿ.”

“ಹೋಗ್ಲಿ. ನಾನೇನು ನಿನ್ನ ಅನುಮೋದನಿ ನೋಡಿ ಲಗ್ನ ಆಗೀನೇನು?” ರೊಟ್ಟಿ ತಿರುವಿ ಹಾಕಿದಳು. “ಈಗ ನಾನು ಕೇಳ್ತೀನಿ. ಬಿಟ್ಟಿ ಅಂತ ಇಟ್ಕ. ನೀರು ಕೆಟ್ಟಿತ್ತು. ಕೆಂಚಮ್ಮಾಯಿ ಮೊಮ್ಮಗಳು ಮತ್ತ ಅದನ್ನ ಕುಡೀತು. ಆವಾಗ?”

ಹುಲುಗಣ್ಣ ಎದ್ದು ಕೈ ತೊಳೆದು ಬಂದು ಕೂತ.

“ಎರಡ್ರಾಗ ಯಾವ ತಪ್ಪು ತಿದ್ದಾಕ ಬರ್ತೈತಿ, ಅದನ್ನ ಮಾಡು,” ಎಂದು ಅವನ ಮುಂದೆ ತಟ್ಟೆ ಇಟ್ಟಳು.

ತರಬೇತಿಯ ನಾಲ್ಕು ಚೌಕದಲ್ಲಿ ಇಲ್ಲದ ಮಾತು ಅದು. ಅದಕ್ಕೆ ಪ್ರಮಾಣಪತ್ರವೂ ಇಲ್ಲ, ಚೀಲವೂ ಇಲ್ಲ. ಕೂಲಿಗೆ ಹೋಗುವ ಹೆಂಗಸು ಎರಡು ರೊಟ್ಟಿ ಬೇಯುವಷ್ಟರಲ್ಲಿ ಹೇಳಿದ್ದನ್ನು ಹೇಳಲಾಗದವರು ನಮ್ಮ ಊರು, ತಾಲ್ಲೂಕು, ಜಿಲ್ಲೆ ನಡೆಸುತ್ತಿದ್ದಾರೆ.

ಮರುದಿನ ಬೆಳಿಗ್ಗೆ ಹುಲುಗಣ್ಣ ಫೋನು ಮಾಡಲಿಲ್ಲ. ಓಣಿಯ ವಾಲು ತೆರೆದ. ಕೇರಿಯ ವಾಲಿಗೆ ಚಾವಿ ಹಾಕಿ, ಇನ್ನೂ ಎರಡು ಸುತ್ತು ಬಿಗಿದು, ಗುಂಡಿಯ ಪಕ್ಕದಲ್ಲಿ ನಿಂತುಕೊಂಡ. ಹತ್ತೊಂಬತ್ತು ವರ್ಷದಲ್ಲಿ ಯಾರನ್ನೂ ಕೇಳದೆ ಮಾಡಿದ ಎರಡನೇ ಕೆಲಸ.

ಆರೂವರೆಗೆ ಕೇರಿಯ ಹೆಂಗಸರು ಕೊಡ ಹಿಡಿದು ಬಂದರು. ಬೈಗುಳ ಕೊಡಕ್ಕಿಂತ ಮುಂಚೆ ಬಂತು.

“ಮ್ಯಾಲಿನ ಓಣಿಗೆ ನೀರು, ನಮಗ ಬೀಗ ಹಾಕಿಯೇನಲೇ?”

“ನಮ್ಮ ಕೇರ್ಯಾಂವ ಆಗಿ ನಮಗ ಹಿಂಗ ಮಾಡ್ತಿ, ನಿನ್ನ ಬಾಯಾಗ ಮಣ್ಣು ಬೀಳ!”

“ಹೆಸರು ಕಳಿಸ್ತೀವಿ ಅಂದಾರಂತ. ಅದಕ್ಕ ಅವ್ರ ಕಾಲು ನೆಕ್ಕಾಕತ್ಯಾನ.”

ಕೊನೆಯ ಮಾತು ಹುಲುಗಣ್ಣನ ಕರುಳಿಗೆ ತಾಗಿತು. ಕಟ್ಟಿದ್ದು ಇವರ ಜೀವಕ್ಕಾಗಿ, ಕಳೆದುಕೊಳ್ಳುವುದು ಅದೇ ಹೆಸರನ್ನು. ಆದರೂ ಇವರದ್ದೇನು ತಪ್ಪು? ಯಾಕೆ ನೀರಿಲ್ಲ ಎಂದು ಡಂಗುರ ಹೊಡೆಸಬೇಕಾದವರು ಇನ್ನೂ ಹಾಸಿಗೆಯಲ್ಲಿದ್ದರು. ವಿವರಿಸಬೇಕಾದವನು ಸುಮ್ಮನಿದ್ದರೆ ಕೈಗೆ ಸಿಕ್ಕವನೇ ಕಳ್ಳ.

ಅವನು ವಾದ ಮಾಡಲಿಲ್ಲ. ಒಬ್ಬಳ ಕೈಯಿಂದ ಚೊಂಬು ತೆಗೆದುಕೊಂಡು ಗುಂಡಿಗೆ ಬಗ್ಗಿ ನೀರು ಮೊಗೆದ. ಎಲ್ಲರಿಗಿಂತ ಮುಂದೆ ನಿಂತು ಬೈಯುತ್ತಿದ್ದ ಕೆಂಚಮ್ಮಾಯಿಯ ಮೂಗಿಗೆ ಹಿಡಿದ.

“ಯಾಯೀ, ಮೂಸು. ಮೂಸಿ ಹೇಳು, ಬಿಡ್ಲೇನು? ನೀ ಬಿಡು ಅಂದ್ರ ಈಗ್ಲ ಬಿಡ್ತೀನಿ.”

ಮುದುಕಿ ಮೂಸಿದಳು. ಮುಖ ಹಿಂಡಿ, ಚೊಂಬು ತಳ್ಳಿ, ಪಕ್ಕಕ್ಕೆ ತಿರುಗಿ ಉಗಿದಳು. ಆಮೇಲೆ ಕೇಳಿದಳು: “ಇದನ್ನ ಕುಡಿಸೀನೇನಪ್ಪ ನಾನು ಆ ಕೂಸಿಗೆ?”

ಹೆಂಗಸರು ಖಾಲಿ ಕೊಡ ಎತ್ತಿಕೊಂಡು ನೆಟ್ಟಗೆ ಪಂಚಾಯಿತಿ ಕಚೇರಿಗೆ ಹೋಗಿ ಬಾಗಿಲಿಗೆ ಅಡ್ಡ ಕೂತರು. ಅರುಣಕುಮಾರ್ ಹನ್ನೊಂದಕ್ಕೆ ಬಂದವರು ಕೊಡಗಳನ್ನು ಕಂಡು ಬೈಕು ತಿರುಗಿಸಿಕೊಂಡು ಹೋದರು. ಹುಲುಗಣ್ಣ ಟ್ಯಾಂಕರ್ ಕೇಳಿ ನಾಲ್ಕು ಸಲ ಫೋನು ಮಾಡಿದ. ನಾಲ್ಕನೆಯದಕ್ಕೆ ಹೆಬ್ಬೆಟ್ಟು ಬಂತು. ಟ್ಯಾಂಕರ್ ಬಂದದ್ದು ಮಾರನೇ ದಿನ, ಕೆಂಚಮ್ಮಾಯಿ ಕೊಡ ಹಿಡಿದು ಶಿವಬಸಮ್ಮನವರ ಮನೆಯ ಕಟ್ಟೆ ಹತ್ತಿದ ಮೇಲೆ. ರೇಖಾ ಮನೆ ಮನೆಗೆ ಉಪ್ಪು ಸಕ್ಕರೆ ನೀರು ಹೇಳಿಕೊಟ್ಟಳು, ಮಗುವನ್ನು ಆಟೋದಲ್ಲಿ ಆಸ್ಪತ್ರೆಗೆ ಕಳಿಸಿದಳು. ಮಗು ಉಳಿಯಿತು. ವಾಂತಿಭೇದಿ ಆ ನಾಲ್ಕು ಮನೆ ದಾಟಿ ಐದನೇ ಮನೆಗೆ ಹೋಗಲಿಲ್ಲ.

ಮೂರನೇ ದಿನ ಅರುಣಕುಮಾರ್ ತಾವಾಗಿಯೇ ಫೋನು ಮಾಡಿದರು. “ಹುಲುಗಣ್ಣ, ನಿನ್ನ ಹೆಸರಿನ ಕೆಲಸಕ್ಕೆ ಹಾಜರಿ ಪುಸ್ತಕ ಬೇಕಂತೆ. ತಾಲ್ಲೂಕು ಆಫೀಸಿಗೆ ತಗಂಡು ಬಾ.”

ಹುಲುಗಣ್ಣ ಹೋದ. ಸಂಜೆಯವರೆಗೆ ಬೆಂಚಿನ ಮೇಲೆ ಕೂತ. ಯಾರೂ ಪುಸ್ತಕ ಕೇಳಲಿಲ್ಲ. ಊರಿಗೆ ಬಂದು ನೋಡಿದರೆ ವಾಲಿನ ಗುಂಡಿಯ ಹತ್ತಿರ ಸಿಮೆಂಟು ಇನ್ನೂ ಹಸಿ.

“ಜೆಸಿಬಿ ಬಂದಿತ್ತಪ್ಪ,” ಎಂದಳು ಕೆಂಚಮ್ಮಾಯಿ. “ಪ್ರವೀಣಪ್ಪ ನಿಂತು ಪೈಪು ಬದಲು ಮಾಡಿಸಿದ. ಹಳೇದನ್ನ ಟ್ರ್ಯಾಕ್ಟರಿನಾಗ ಹಾಕ್ಕೊಂಡು ಹೋದ್ರು. ಟ್ಯೂಬು ಜೋತಾಡಾಕತ್ತಿತ್ತು.”

ಕೆಟ್ಟಿಲ್ಲದ ಪೈಪನ್ನು ಯಾರಾದರೂ ಬದಲಿಸುತ್ತಾರೆಯೇ? ಎಲ್ಲ ಗೊತ್ತಿತ್ತು ಅವರಿಗೆ. ಟ್ಯೂಬು ಸುತ್ತಿದ ದಿನದಿಂದ ಗೊತ್ತಿತ್ತು. ಅರ್ಧ ದಿನದ ಕೆಲಸ ಅದು. ಆ ಅರ್ಧ ದಿನ ಮುಂಚೆ ಸಿಕ್ಕಿದ್ದರೆ ಆ ಕೂಸಿನ ಕೈಗೆ ಸೂಜಿ ಚುಚ್ಚಬೇಕಾಗಿರಲಿಲ್ಲ. ಹೊಸ ಪೈಪು ಹಾಕಿದ ಮೇಲೆ, ಹೊಸ ಪೈಪಿನ ನೀರನ್ನು ಸೀಸೆಗೆ ತುಂಬಿ ಲ್ಯಾಬಿಗೆ ಕಳಿಸಿದರು. ವಾರಕ್ಕೆ ಚೀಟಿ ಬಂತು: ಕುಡಿಯಲು ಯೋಗ್ಯ.

ಚೀಟಿ ಬಂದ ದಿನವೇ ಹುಲುಗಣ್ಣನಿಗೆ ಕಾರಣ ಕೇಳಿ ನೋಟಿಸು. ಮೇಲಧಿಕಾರಿಯ ಮೌಖಿಕ ಆದೇಶ ಉಲ್ಲಂಘಿಸಿ, ಶುದ್ಧ ನೀರನ್ನು ಮೂರು ದಿನ ತಡೆಹಿಡಿದು, ಸಾರ್ವಜನಿಕರಿಗೆ ತೊಂದರೆ ಕೊಟ್ಟದ್ದು ಯಾಕೆ ಎಂದು. ಈ ಊರಿಗೆ ಬಂದ ಆರು ವರ್ಷದಲ್ಲಿ ಅರುಣಕುಮಾರ್ ಸ್ವಂತ ಬುದ್ಧಿಯಿಂದ ಬರೆದ ಮೊದಲ ಕಾಗದ ಅದು.

ಕಚೇರಿಗೆ ಕರೆಸಿದರು. ಕುರ್ಚಿಯಲ್ಲಿ ಅರುಣಕುಮಾರ್, ಪಕ್ಕದಲ್ಲಿ ಅಧ್ಯಕ್ಷೆ ಶಿವಬಸಮ್ಮ, ಅವರ ಪಕ್ಕದಲ್ಲಿ ಮಗ. ಶಿವಬಸಮ್ಮ ಕೈಬಳೆ ತಿರುಗಿಸುತ್ತ ನೆಲ ನೋಡುತ್ತಿದ್ದರು. ಹುಲುಗಣ್ಣ ನಿಂತಿದ್ದ.

“ಲ್ಯಾಬಿನೋರು ಸುಳ್ಳು ಹೇಳ್ತಾರೇನಲೇ?” ಎಂದ ಪ್ರವೀಣಕುಮಾರ್.

“ಪೈಪು ಬದಲಾದ ಮ್ಯಾಲಿನ ನೀರ್ರಿ ಅದು. ಕೆಂಚಮ್ಮಾಯಿ ನೋಡ್ಯಾಳ.”

“ಆ ಮುದುಕಿಗೆ ಎಮ್ಮಿ ಯಾವ್ದು ಕೋಣ ಯಾವ್ದು ಕಾಣಂಗಿಲ್ಲ. ಮೂರು ದಿನ ನೀರು ಕಟ್ಟಿದಿ. ಯಾರರ ಸತ್ತಾರೇನು? ಒಬ್ರ ಹೆಸರು ಹೇಳು, ನೋಡಾಣ.”

ಇದು ಇವರ ಅಳತೆಗೋಲು. ಹೆಣ ಬಿದ್ದರೆ ಮಾತ್ರ ನೀರು ಕೆಟ್ಟಿತ್ತು. ಹೆಣ ಬೀಳದಂತೆ ನೋಡಿಕೊಂಡವನು ತಪ್ಪಿತಸ್ಥ. ಆವತ್ತು ಬೆಳಿಗ್ಗೆ ಕಣ್ಣಿಗೆ ಏನು ಕಂಡಿತ್ತು, ಮೂಗಿಗೆ ಏನು ಬಡಿದಿತ್ತು, ಎಷ್ಟು ಮನೆಯಲ್ಲಿ ಮಕ್ಕಳು ಮಲಗಿದ್ದವು ಎನ್ನುವುದನ್ನು ನೋಡಿ ತೂಗಬೇಕಾದ ನಿರ್ಧಾರವನ್ನು ವಾರದ ನಂತರದ ಚೀಟಿಯಿಂದ ತೂಗುವ ಈ ನಾಚಿಕೆಗೇಡಿಗಳಿಗೆ ಮನೆಯಲ್ಲಿ ಮಕ್ಕಳಿಲ್ಲವೇ? ಇದ್ದಾರೆ. ಆದರೆ ಅವರು ಕುಡಿಯುವುದು ಬೇರೆ ನೀರು.

ಪ್ರವೀಣಕುಮಾರ್ ತಾಯಿಯನ್ನು ಕರೆದುಕೊಂಡು ಎದ್ದು ಹೋದ ಮೇಲೆ ಅರುಣಕುಮಾರ್ ಬಾಗಿಲು ಮುಂದೆ ಮಾಡಿದರು. ಒಂದು ಬಿಳಿ ಹಾಳೆ ಮುಂದಕ್ಕೆ ತಳ್ಳಿದರು. ದನಿ ಬೆಣ್ಣೆಯಂತಿತ್ತು.

“ಕೂತ್ಕಪ್ಪ. ನಿನ್ನ ಮೇಲೆ ನನಗೇನು ದ್ವೇಷ ಇಲ್ಲ. ಒಂದೇ ಸಾಲು ಬರೆದುಕೊಡು. ‘ಬಿಡು ಎಂದು ಸಾಹೇಬರು ಹೇಳಿದ್ದನ್ನು, ನೀರು ಬಿಡುವ ಕೆಲಸವನ್ನೇ ಬಿಡು ಎಂದು ನಾನು ತಪ್ಪಾಗಿ ತಿಳಿದುಕೊಂಡೆ.’ ಅಷ್ಟೇ. ನಿನಗೆ ಮಾತು ಅರ್ಥ ಆಗ್ಲಿಲ್ಲ, ಮುಗೀತು. ನಾಳೆನೇ ಹೆಸರು ಕಳಿಸ್ತೀನಿ.”

ಹುಲುಗಣ್ಣ ಹಾಳೆ ನೋಡಿದ. ಸುಲಭವಿತ್ತು. ನಾಲ್ಕು ಬೆರಳಗಲದ ಒಂದು ಸಾಲು, ಹತ್ತೊಂಬತ್ತು ವರ್ಷ ಕಾದ ನೌಕರಿ. ಯಾರಿಗೂ ನಷ್ಟವಿಲ್ಲ. ಪೈಪು ಸರಿಯಾಗಿತ್ತು, ಕೂಸು ಮನೆಗೆ ಬಂದಿತ್ತು. ದಡ್ಡ ಎನ್ನಿಸಿಕೊಂಡರೆ ಸಾಕು. ಅದು ಅವನಿಗೆ ಹೊಸದಲ್ಲ.

“ಹಿಂಗ ಬರದ್ರ, ಮುಂದಿನ ಸಲ ಗುಂಡ್ಯಾಗ ಚರಂಡಿ ಕಂಡ್ರ ನಾನು ಏನು ಮಾಡ್ಬೇಕ್ರಿ ಸರ?”

“ಮುಂದಿಂದು ಮುಂದೆ ನೋಡೋಣ ಬಿಡು.”

ಹುಲುಗಣ್ಣ ಹಾಳೆ ಮಡಚಿ ಜೇಬಿಗಿಟ್ಟುಕೊಂಡು ಮನೆಗೆ ಬಂದ. ಅಂಗಳದಲ್ಲಿ ಕೂತು ಮಧ್ಯಾಹ್ನವಿಡೀ ಬರೆದ. ದುರ್ಗಮ್ಮ ಏನು ಬರೆದಿ ಎಂದಳು. ಓದಿ ಹೇಳಿದ. “ಇನ್ನೊಂದು ಸಲ ಓದು,” ಎಂದಳು. ಓದಿದ. “ಸರಿ ಐತಿ, ಕೊಡು ಹೋಗು,” ಎಂದು ಒಳಗೆ ಹೋದಳು.

ಕಾಗದದಲ್ಲಿ ಇದ್ದದ್ದು ಇಷ್ಟು:

‘ವಾಲಿನ ಗುಂಡಿಯಲ್ಲಿ ಚರಂಡಿ ನೀರು ಕಂಡೆ. ಮೂಸಿ ನೋಡಿದೆ. ನಾಕು ಮನೆಯಲ್ಲಿ ವಾಂತಿ ಬೇದಿ ಇತ್ತು. ಸಾಹೇಬರು ನೋಡಿಕೊಂಡು ಬಿಡು ಅಂದರು. ನಾನು ನೋಡಿದೆ. ಬಿಡಲಿಲ್ಲ. ಮಾತು ತಿಳಿಯದೆ ಮಾಡಿದ್ದಲ್ಲ. ತಿಳಿದೇ ಮಾಡಿದ್ದೇನೆ. ನಾನೇ ಕಟ್ಟಿದೆ. ಮತ್ತೆ ಹಾಗೆ ಕಂಡರೆ ಮತ್ತೆ ಕಟ್ಟುತ್ತೇನೆ.’

ಅರುಣಕುಮಾರ್ ಎರಡು ಸಲ ಓದಿದರು. “ಯಾರು ಬರೆದುಕೊಟ್ಟರು ಇದನ್ನ?”

“ನಾನ ಬರದೀನ್ರಿ.”

“ತಪ್ಪೈತೆ ಇದ್ರಾಗೆ.”

“ಯಾವ್ದು ತಪ್ಪು ತೋರಿಸ್ರಿ.”

ಅರುಣಕುಮಾರ್ ಪೆನ್ನಿನ ತುದಿಯಿಂದ ಮುಟ್ಟಿ ತೋರಿಸಿದರು. “ಭೇದಿಗೆ ಮಹಾಪ್ರಾಣ.”

“ಅಷ್ಟ ಏನ್ರಿ?”

ಸಾಹೇಬರು ಕಿಟಕಿಯ ಕಡೆ ನೋಡಿದರು. ಈ ಕಾಗದ ಒಪ್ಪಿದರೆ ನೀರು ಕೆಟ್ಟಿತ್ತು ಎಂದಾಗುತ್ತದೆ. ಒಪ್ಪದೆ ಇವನನ್ನು ತೆಗೆದುಹಾಕಿದರೆ ಕೇರಿಯ ಹೆಂಗಸರು ಕೊಡ ಹಿಡಿದು ಮತ್ತೆ ಬಾಗಿಲಿಗೆ ಬರುತ್ತಾರೆ. ಕ್ಷಮಿಸಿದರೆ ಪ್ರವೀಣಕುಮಾರ್ ಬರುತ್ತಾನೆ. ಒಬ್ಬ ಬಡಪಾಯಿಗೆ ಅನ್ಯಾಯ ಮಾಡುವುದಕ್ಕೂ ಒಂದು ನಿರ್ಧಾರ ಬೇಕು, ಅದೂ ಅವರ ಕೈಲಾಗಲಿಲ್ಲ. ಕಾಗದದ ಅಂಚಿನಲ್ಲಿ ‘ಚರ್ಚಿಸಿ’ ಎಂದು ಒಂದೇ ಒಂದು ಮಾತು ಬರೆದು, ಚಿಕ್ಕ ಸಹಿ ಹಾಕಿ, ಮೇಲಿನ ಕಚೇರಿಗೆ ಕಳಿಸಿದರು. ಯಾರು ಚರ್ಚಿಸಬೇಕು, ಯಾರೊಂದಿಗೆ, ಏನನ್ನು, ಯಾವಾಗ ಎಂದು ಬರೆಯಲಿಲ್ಲ. ಮೇಲಿನವರು ಅದರ ಕೆಳಗೆ ‘ಪರಿಶೀಲಿಸಿ’ ಎಂದು ಬರೆದರು.

ಅನುಮೋದನೆಯ ಪಟ್ಟಿ ಶ್ರಾವಣದಲ್ಲಿ ಬಂತು. ಸುತ್ತಲಿನ ಊರುಗಳ ನೀರುಗಂಟಿಗಳ ಹೆಸರು ಇದ್ದವು. ಕರಡಿಹಾಳಿನ ಸಾಲೇ ಇರಲಿಲ್ಲ. ಸಿಮೆಂಟ್ ರಸ್ತೆ ತಪಾಸಣೆಯಲ್ಲಿ ಪಾಸಾಯಿತು. ಹುಲುಗಣ್ಣನನ್ನು ತೆಗೆದೂ ಹಾಕಲಿಲ್ಲ, ಇಟ್ಟುಕೊಳ್ಳಲೂ ಇಲ್ಲ. ಪಟ್ಟಿ ಬಂದ ಮರುದಿನ ಬೆಳಿಗ್ಗೆ ಅವನು ಗುಂಡಿಯ ಕಲ್ಲು ಸರಿಸಿ, ಬಗ್ಗಿ ನೋಡಿ, ಮೂಸಿ, ಚಾವಿ ಇಳಿಬಿಟ್ಟ. ಯಾರಿಗೂ ಫೋನು ಮಾಡಲಿಲ್ಲ. ಪಂಚಾಯಿತಿಯಲ್ಲಿ ಅವನ ಹಣೆಬರಹ ಏನೂ ಬದಲಾಗಿರಲಿಲ್ಲ, ಫೋನು ಮಾಡುವ ಚಟ ಮಾತ್ರ ಬಿಟ್ಟುಹೋಗಿತ್ತು.

ಮೊದಲ ನಲ್ಲಿಯ ಹತ್ತಿರ ಕೆಂಚಮ್ಮಾಯಿ ಕೂತಿದ್ದಳು.

“ಏನಾತಪ್ಪ ನಿನ್ನ ಕಾಗದ?”

“ಚರ್ಚಿ ಮಾಡಾಕತ್ಯಾರಂತ ಯಾಯಿ.”

“ಇಷ್ಟು ದಿನ ಏನು ಚರ್ಚಿ ಮಾಡ್ತಾರೋ ಆ ಹೇಸಿಗಳು?”

“ನಂಗೇನು ಗೊತ್ತು? ನೀರು ಬಂತು ನೋಡು, ಕೊಡ ಹಿಡಿ.”